ಕಡಲಾಳದಲ್ಲಿ ಹಾಲೂಡಿಕೆ: ತಿಮಿಂಗಿಲದ ಮರಿ ಕುಡಿಯುವುದು ಹೇಗೆ?

ತುಟಿಗಳಿಂದ ಚೀಪುವಂತಿಲ್ಲ, ಸುತ್ತಲೂ ಉಪ್ಪುನೀರು, ಉಸಿರು ಬಿಗಿಹಿಡಿದು ಇರಬಹುದಾದುದು ಕೆಲವೇ ನಿಮಿಷ. ತಿಮಿಂಗಿಲದ ಎಳೆಯ ಮರಿ ತಾಯಿಯ ಹಾಲು ಕುಡಿಯಬೇಕಾದುದು ಇಂತಹ ಪರಿಸ್ಥಿತಿಯಲ್ಲಿ. ತಿಮಿಂಗಿಲ ಮೀನಲ್ಲ, ಸಸ್ತನಿ ಎಂಬುದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೆ ಅದರ ಮೊಲೆ ಎಲ್ಲಿದೆ, ಹಾಲು ನೀರುಪಾಲಾಗದೆ ಮರಿಯ ಬಾಯಿ ಸೇರುವುದು ಹೇಗೆ ಎಂಬುದನ್ನು ಪಠ್ಯಪುಸ್ತಕಗಳು ವಿವರಿಸುವುದು ಅಪರೂಪ.

ಹೆಣ್ಣು ತಿಮಿಂಗಿಲದ ಹೊಟ್ಟೆಯ ಅಡಿಭಾಗದಲ್ಲಿ, ಬಾಲದ ಕಡೆಗೆ, ಜನನಾಂಗದ ಎಡಬಲಗಳಲ್ಲಿ ಎರಡು ಸೀಳುಗಳಿವೆ. ಮೊಲೆತೊಟ್ಟುಗಳು ಅಡಗಿರುವುದು ಇವುಗಳೊಳಗೆ. ಹೊರಚಾಚಿಕೊಂಡಿದ್ದರೆ ಈಜುವಾಗ ನೀರಿನ ಪ್ರತಿರೋಧ ಹೆಚ್ಚುತ್ತಿತ್ತು. ಹಸಿದ ಮರಿ ತಾಯಿಯ ಅಡಿಗೆ ಬಂದು ಮೂತಿಯಿಂದ ತಿವಿದಾಗ ತೊಟ್ಟು ಹೊರಬರುತ್ತದೆ. ಕರು ಕೆಚ್ಚಲು ಗುದ್ದಿದಾಗ ಹಸು ಸೊರೆ ಬಿಡುವುದನ್ನು ಕಂಡವರಿಗೆ ಇದೇನೂ ಅಪರಿಚಿತವಲ್ಲ.

ಮುಂದಿನದು ಮಾತ್ರ ಭಿನ್ನ. ಮರಿಯು ನಾಲಿಗೆಯನ್ನು ಕೊಳವೆಯಂತೆ ಮಡಚಿ ತೊಟ್ಟಿಗೆ ಒತ್ತಿ ಹಿಡಿಯುತ್ತದೆ. ಆಗ ಹಾಲಿನ ಗ್ರಂಥಿಯ ಸುತ್ತಲಿನ ಸ್ನಾಯುಗಳನ್ನು ಬಿಗಿದು ತಾಯಿಯೇ ಹಾಲನ್ನು ಬಾಯೊಳಗೆ ಚಿಮ್ಮಿಸುತ್ತದೆ. ಅಂದರೆ ಮರಿ ಕುಡಿಯುತ್ತದೆ ಎನ್ನುವುದಕ್ಕಿಂತ ತಾಯಿ ಕುಡಿಸುತ್ತದೆ ಎನ್ನುವುದೇ ಹೆಚ್ಚು ಸರಿ. ಡಾಲ್ಫಿನ್ ಮರಿಗಳ ನಾಲಿಗೆಯ ಅಂಚಿನಲ್ಲಿ ಕುಚ್ಚಿನಂತಹ ರಚನೆಯೂ ಇದ್ದು, ಹಿಡಿತ ಸಡಿಲವಾಗದಂತೆ ನೆರವಾಗುತ್ತದೆ. ಇನ್ನು ಉಸಿರಾಟದ ರಂಧ್ರ ನೆತ್ತಿಯ ಮೇಲಿದ್ದು, ನೀರಿನೊಳಗೆ ಮುಚ್ಚಿಕೊಂಡಿರುತ್ತದೆ. ಒಂದಿಷ್ಟು ಕುಡಿದ ಮರಿ ಮೇಲೆದ್ದು ಉಸಿರೆಳೆದು ಮತ್ತೆ ಮುಳುಗುತ್ತದೆ. ಹೀಗೆ ದಿನಕ್ಕೆ ಹಲವು ಬಾರಿ.

ಸಮಯದ ಕೊರತೆಯನ್ನು ತುಂಬಿಕೊಡುವುದು ಹಾಲಿನ ಗುಣ. ಹಸುವಿನ ಹಾಲಿನಲ್ಲಿ ಕೊಬ್ಬಿನ ಪ್ರಮಾಣ ಶೇ. 4ರ ಆಸುಪಾಸಿನಲ್ಲಿದ್ದರೆ, ದೊಡ್ಡ ತಿಮಿಂಗಿಲಗಳ ಹಾಲಿನಲ್ಲಿ ಅದು ಶೇ. 30ರಿಂದ 50ರವರೆಗೂ ಇರುತ್ತದೆ. ಹುಟ್ಟುವಾಗಲೇ ಸುಮಾರು 7 ಮೀಟರ್ ಉದ್ದವಿರುವ ನೀಲಿ ತಿಮಿಂಗಿಲದ ಮರಿ ದಿನಕ್ಕೆ ಸುಮಾರು 200 ಲೀಟರ್ ಹಾಲು ಕುಡಿದು, 90 ಕೆ.ಜಿ.ಯಷ್ಟು ತೂಕ ಹೆಚ್ಚಿಸಿಕೊಳ್ಳುತ್ತದೆ ಎಂಬುದು ತಜ್ಞರ ಅಂದಾಜು. ಗಂಟೆಗೆ ಹೆಚ್ಚುಕಡಿಮೆ 4 ಕೆ.ಜಿ!

ಇಷ್ಟೊಂದು ಕೊಬ್ಬು ಬರುವುದಾದರೂ ಎಲ್ಲಿಂದ? ಪಶ್ಚಿಮ ಆಸ್ಟ್ರೇಲಿಯಾದ ಹಂಪ್‌ಬ್ಯಾಕ್ ತಿಮಿಂಗಿಲಗಳನ್ನೇ ನೋಡಿ. ಅಂಟಾರ್ಕ್ಟಿಕಾದ ಬೇಸಿಗೆಯಲ್ಲಿ ಕ್ರಿಲ್ ಎಂಬ ಸಿಗಡಿಯಂತಹ ಜೀವಿಗಳನ್ನು ಹೊಟ್ಟೆ ತುಂಬ ತಿಂದು, ಸಾವಿರಾರು ಕಿ.ಮೀ. ಉತ್ತರಕ್ಕೆ ಈಜಿ, ಬೆಚ್ಚಗಿನ ನೀರಿನಲ್ಲಿ ಮರಿ ಹಾಕುತ್ತವೆ. ಅಲ್ಲಿ ಅವುಗಳಿಗೆ ಆಹಾರವೇ ಇಲ್ಲವೆನ್ನಬಹುದು. ತಿಂಗಳುಗಟ್ಟಲೆ ಉಪವಾಸವಿದ್ದು, ಮೈಯ ಕೊಬ್ಬನ್ನೇ ಕರಗಿಸಿ ಹಾಲಾಗಿಸಬೇಕು. ಮರಿಯೊಂದಿಗೆ ದಕ್ಷಿಣಕ್ಕೆ ಮರಳುವ ದಾರಿಯ ಖರ್ಚೂ ಅದೇ ದಾಸ್ತಾನಿನಿಂದ. ಅನಗತ್ಯವಾಗಿ ಓಡಬೇಕಾಗಿ ಬಂದರೆ ನಷ್ಟ ಮರಿಯ ಪಾಲಿಗೆ.

ಮರಳುವ ದಾರಿಯಲ್ಲಿ ಇವು ತಂಗುವ ಎಕ್ಸ್‌ಮೌತ್ ಕೊಲ್ಲಿಯಲ್ಲಿ ಡೆನ್ಮಾರ್ಕ್ ಹಾಗೂ ಆಸ್ಟ್ರೇಲಿಯಾದ ವಿಜ್ಞಾನಿಗಳು ತಾಯಿ-ಮರಿಗಳ ಬೆನ್ನಿಗೆ ಹೀರುಬಟ್ಟಲಿನ ಮೂಲಕ ಧ್ವನಿಗ್ರಾಹಕ ಅಂಟಿಸಿ ಅಧ್ಯಯನ ನಡೆಸಿದರು. 2017ರಲ್ಲಿ ಪ್ರಕಟವಾದ ಅದರ ಫಲಿತಾಂಶ ಕುತೂಹಲಕರ. ಮರಿಗಳು ಹಾಲಿಗಾಗಿ ಕೂಗುವುದಿಲ್ಲ. ತಾಯಿಯ ಮೈಗೆ ಮೈ ಉಜ್ಜಿ ಕೇಳುತ್ತವೆ. ಜೊತೆಯಲ್ಲಿ ಈಜುವಾಗ ಹೊರಡಿಸುವ ದನಿಯೂ ಪಿಸುಮಾತಿನಷ್ಟೇ ಕ್ಷೀಣ. ಗಟ್ಟಿಯಾಗಿ ಕೂಗಿದರೆ ಮರಿಗಳನ್ನು ಬೇಟೆಯಾಡುವ ಓರ್ಕಾಗಳಿಗೆ ಸುಳಿವು ಸಿಕ್ಕೀತೆಂಬ ಭಯ ಇದಕ್ಕೆ ಕಾರಣವಿರಬಹುದು ಎನ್ನುತ್ತಾರೆ ಸಂಶೋಧಕರು.

ಓರ್ಕಾಗಳಿಂದ ಪಾರು ಮಾಡುವ ಈ ಮೆಲುದನಿಯೇ ಮರಿಗೆ ಇನ್ನೊಂದು ಬಗೆಯಲ್ಲಿ ಅಪಾಯ ತಂದೊಡ್ಡಿದೆ. ಹಾಲೂಡುವ ತಾಯಿ ಹಾಗೂ ಮರಿಯನ್ನು ಕೊಲ್ಲುವುದನ್ನು ತಿಮಿಂಗಿಲ ಬೇಟೆ ಕುರಿತ 1946ರ ಅಂತಾರಾಷ್ಟ್ರೀಯ ಒಪ್ಪಂದದ ನಿಯಮಗಳೇ ನಿಷೇಧಿಸಿವೆ. ಆದರೆ ಸದ್ದಿಗೆ ಅಂತಹ ತಡೆಯಿಲ್ಲ. ಹತ್ತಿರದಲ್ಲೇ ಹಡಗೊಂದು ಹಾದುಹೋದರೆ ಅದರ ಇಂಜಿನ್ನಿನ ಮೊರೆತದಲ್ಲಿ ಮರಿಯ ಪಿಸುದನಿ ಮುಳುಗಿಹೋಗಿ, ಕಲಕು ನೀರಿನಲ್ಲಿ ಅದು ತಾಯಿಯಿಂದ ಬೇರ್ಪಡುವ ಸಾಧ್ಯತೆಯಿದೆ. ಇನ್ನೂ ಹಾಲನ್ನಷ್ಟೇ ನೆಚ್ಚಿರುವ ಮರಿಗೆ ಕಡಲಿನಲ್ಲಿ ಬೇರೆ ಆಹಾರವಿಲ್ಲ.