ದಮ್ಮು ಇಳಿದ ಮೇಲಿನ ತೊಂಬತ್ತು ದಿನ

ಬೆಣ್ಣೆದೋಸೆಯಷ್ಟೇ ಮಂಡಕ್ಕಿಗೂ ದಾವಣಗೆರೆ ಹೆಸರುವಾಸಿ. ಭಟ್ಟಿಯ ಮುಂದೆ ನಿಂತು ಅಕ್ಕಿ ಹುರಿಯುವವರು ಎಳೆದುಕೊಳ್ಳುವ ಹೊಗೆಯ ಲೆಕ್ಕ ಮಾತ್ರ ಖಾರಾ ಮಂಡಕ್ಕಿ ಮೆಲ್ಲುವವರಿಗೆ ಕಾಣುವುದಿಲ್ಲ. 2019ರಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಆರಂಭವಾದಾಗ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಜೊತೆ ದಾವಣಗೆರೆಯ ಹೆಸರೂ ಅದರ ಗಾಳಿ ಕೆಟ್ಟ ನಗರಗಳ ಪಟ್ಟಿಯಲ್ಲಿತ್ತು.

ಬೀಡಿ ಸೇದಿದವರಿಗಷ್ಟೇ ಸಿಒಪಿಡಿ, ಅಂದರೆ ಉಸಿರುನಾಳ ಬಿಗಿಯುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಬರುತ್ತದೆ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಮೈಸೂರು ಜಿಲ್ಲೆಯ ಹಳ್ಳಿಗಳ ಹೆಣ್ಣುಮಕ್ಕಳನ್ನು ತಪಾಸಣೆ ಮಾಡಿದ ಸಂಶೋಧಕರು ಬೇರೆಯದನ್ನೇ ಕಂಡರು. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆ ಮುಂದೆ ಕೂತರು, ಎಷ್ಟು ವರ್ಷ ಕೂತರು; ಎರಡನ್ನೂ ಗುಣಿಸಿದಾಗ ಸಂಖ್ಯೆ 60 ಮುಟ್ಟಿದರೆ ದೀರ್ಘಕಾಲದ ಕೆಮ್ಮು-ಕಫದ ಅಪಾಯ ಎದ್ದು ಕಾಣತೊಡಗುತ್ತದೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಸಾಕು.

ಇಂಥ ಶ್ವಾಸಕೋಶಕ್ಕೆ ಚಳಿಗಾಲದ ಒಂದು ನೆಗಡಿ ತಗುಲಿದರೂ ಕಾಯಿಲೆ ಕೆರಳುತ್ತದೆ. "ಎದಿ ಕಟ್ಟೇತಿ, ದಮ್ಮು ಹತ್ತೇತಿ" ಎನ್ನುತ್ತ ಹರಿಹರದವರು ತಾಲ್ಲೂಕು ಆಸ್ಪತ್ರೆಗೆ ಹೋಗುತ್ತಾರೆ. ಉಸಿರು ತೀರಾ ಬಿಗಿದರೆ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ ಬಾಪೂಜಿಗೋ ಓಡುತ್ತಾರೆ. ನೆಬುಲೈಸರ್, ಸ್ಟೀರಾಯ್ಡ್, ಕಫ ಹಳದಿ-ಹಸಿರಾಗಿದ್ದರೆ ಆ್ಯಂಟಿಬಯೋಟಿಕ್: ಚಿಕಿತ್ಸೆಯ ದಾರಿ ಬಹುಮಟ್ಟಿಗೆ ಸ್ಪಷ್ಟ. ಮೊದಲು ಎರಡು ವಾರ ನುಂಗಿಸುತ್ತಿದ್ದ ಸ್ಟೀರಾಯ್ಡ್ ಐದೇ ದಿನಕ್ಕೆ ಸಾಕು ಎಂದು ಸ್ವಿಟ್ಜರ್‌ಲೆಂಡಿನಲ್ಲಿ 314 ರೋಗಿಗಳ ಮೇಲೆ ನಡೆದ ಪ್ರಯೋಗ 2013ರಲ್ಲಿ ತೋರಿಸಿತು. ಸ್ಟೀರಾಯ್ಡ್ ರಕ್ತದ ಸಕ್ಕರೆ ಏರಿಸುವುದರಿಂದ, ಸಕ್ಕರೆ ಕಾಯಿಲೆಯೂ ಇರುವವರಿಗೆ ಇದು ಸಣ್ಣ ಲಾಭವಲ್ಲ.

ಆಮ್ಲಜನಕದ ವಿಷಯದಲ್ಲಂತೂ ಹೆಚ್ಚೆಂದರೆ ಒಳ್ಳೆಯದು ಎಂಬ ಎಣಿಕೆಯೇ ಅಪಾಯಕಾರಿ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಇಂಥದೇ ದಮ್ಮಿನಿಂದ ಆಂಬುಲೆನ್ಸ್ ಏರಿದ 405 ಮಂದಿಯನ್ನು ಗಮನಿಸಲಾಯಿತು. ಧಾರಾಳವಾಗಿ ಆಮ್ಲಜನಕ ಕೊಟ್ಟವರಲ್ಲಿ 9% ಮಂದಿ ಸತ್ತರು. ರಕ್ತದ ಆಮ್ಲಜನಕ ಮಟ್ಟ 88%ರಿಂದ 92%ರ ನಡುವೆ ನಿಲ್ಲುವಂತೆ ಅಳೆದು ಕೊಟ್ಟವರಲ್ಲಿ 4%. ಅತಿಯಾದ ಆಮ್ಲಜನಕದಿಂದ ಇವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ಕೋವಿಡ್ ಕಾಲದಲ್ಲಿ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ 98 ಬರಲಿ ಎಂದು ಕಾದ ಮನೆಯವರಿಗೆ ಈ ಮಾತು ಒಪ್ಪಿಸುವುದು ಕಷ್ಟವೇ.

ನಾಲ್ಕೈದು ದಿನಕ್ಕೆ ದಮ್ಮು ಇಳಿಯುತ್ತದೆ, ರೋಗಿ ಮನೆಗೆ ಬರುತ್ತಾನೆ, ಎಲ್ಲರೂ ಕಥೆ ಮುಗಿಯಿತು ಎಂದುಕೊಳ್ಳುತ್ತಾರೆ. ನಿಜವಾದ ಆಪತ್ತು ಇರುವುದು ಇಲ್ಲಿಂದ ಮುಂದೆ. ಹೃದ್ರೋಗದ ಅಪಾಯವೂ ಇದ್ದ ಸಿಒಪಿಡಿ ರೋಗಿಗಳ ದೊಡ್ಡ ಅಧ್ಯಯನವೊಂದರಲ್ಲಿ, ಕಾಯಿಲೆ ಕೆರಳಿದ ಮೊದಲ 30 ದಿನಗಳಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಆಘಾತಗಳು ಸುಮಾರು ನಾಲ್ಕು ಪಟ್ಟು ಹೆಚ್ಚಿದ್ದವು. ಹಾಸಿಗೆಯಲ್ಲಿ ಕಳೆದ ದಿನಗಳಲ್ಲಿ ತೊಡೆಯ ಸ್ನಾಯು ಸೊರಗಿರುತ್ತದೆ. ನಡೆದರೆ ಏದುಸಿರು, ಹಾಗಾಗಿ ನಡೆಯುವುದಿಲ್ಲ. ನಡೆಯದೆ ಕಾಲು ಇನ್ನಷ್ಟು ಸೋಲುತ್ತದೆ.

ಈ ವಿಷಚಕ್ರವನ್ನು ಮುರಿಯುವುದು ಮೇಲ್ವಿಚಾರಣೆಯ ವ್ಯಾಯಾಮ, ಉಸಿರಾಟದ ತರಬೇತಿ. ಅಮೆರಿಕದಲ್ಲಿ ಸಿಒಪಿಡಿ ಕೆರಳಿ ಆಸ್ಪತ್ರೆ ಸೇರಿ ಬಿಡುಗಡೆಯಾದ ಸುಮಾರು 1,97,000 ವೃದ್ಧರ ದಾಖಲೆ ತೆಗೆದು ನೋಡಿದಾಗ, 90 ದಿನದೊಳಗೆ ಇದನ್ನು ಶುರು ಮಾಡಿದವರಲ್ಲಿ ವರ್ಷದೊಳಗಿನ ಸಾವು ಕಡಿಮೆಯಿತ್ತು. ಹಾಗೆ ಶುರು ಮಾಡಿದವರಾದರೂ ಎಷ್ಟು? ಬರೀ 1.5%! ಅಷ್ಟು ಸಿರಿವಂತ ದೇಶದ ಪಾಡೇ ಹೀಗಿರುವಾಗ ಹರಿಹರದ ಕೂಲಿಯವನನ್ನು ದೂರುವಂತಿಲ್ಲ.

ಡಿಸ್ಚಾರ್ಜ್ ಚೀಟಿ ಕೈಗೆ ಬಂದಾಗ ಕೇಳಬೇಕಾದ್ದು ಬಹಳವೇನಿಲ್ಲ. ಇನ್ಹೇಲರ್ ಎಳೆಯುವ ಕ್ರಮವನ್ನು ನರ್ಸ್ ಮುಂದೆ ಒಮ್ಮೆ ಮಾಡಿ ತೋರಿಸಬೇಕು. ತಪ್ಪಾಗಿ ಎಳೆದರೆ ಔಷಧ ಗಂಟಲಲ್ಲೇ ಉಳಿಯುತ್ತದೆ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಯಾವಾಗ, ಇಸಿಜಿ ಬೇಕೇ, ಯಾವ ವ್ಯಾಯಾಮ ಎಂದು ವೈದ್ಯರನ್ನು ವಿಚಾರಿಸಬೇಕು. ಕುರ್ಚಿಯಿಂದ ಎದ್ದು ಕೂರುವುದರಿಂದ ಆರಂಭಿಸಿದವರು ವೈದ್ಯರ ಒಪ್ಪಿಗೆಯೊಂದಿಗೆ ದಾವಣಗೆರೆಯ ಕುಂದುವಾಡ ಕೆರೆ ಏರಿಯ ನಡಿಗೆಯವರೆಗೂ ಹೋಗಬಹುದು. ಭಟ್ಟಿ ಕೆಲಸದವರ ಪ್ರಶ್ನೆ ಇದಕ್ಕಿಂತ ಬಿಗಿ: ಮಾಲೀಕರು ಹೊಗೆಯಿಂದ ದೂರದ ಚೀಲ ತುಂಬುವ ಕೆಲಸವನ್ನಾದರೂ ಕೊಡದಿದ್ದರೆ, ಮುಂದಿನ ಚಳಿಗೆ ಅದೇ ವಾರ್ಡು.