ಮಂಜುಗಡ್ಡೆಯ ಕೆಳಗೆ ಹಾದವರ ಲೆಕ್ಕ

ಹೊಗೆ ಎಬ್ಬಿಸುವಂತಿಲ್ಲ, ಜೋರಾಗಿ ಮಾತಾಡುವಂತಿಲ್ಲ. ಕಾಲನ್ನೂ ಮೆತ್ತಗೆ ಊರಬೇಕು. ಎದುರಿಗೆ ಹೆಪ್ಪುಗಟ್ಟಿದ ಕಡಲು, ಅದರ ನಡುವೆ ಉದ್ದಕ್ಕೆ ಬಾಯ್ದೆರೆದ ಕಪ್ಪು ನೀರಿನ ಬಿರುಕು. ಅಂಚಿನಲ್ಲಿ ಸೀಲ್ ಚರ್ಮ ಹೊದಿಸಿದ ದೋಣಿ, ಉಮಿಯಾಕ್. ಬಿಳಿ ಮೇಲಂಗಿ ತೊಟ್ಟ ಇನುಪಿಯಾಟ್ ಬೇಟೆಗಾರರು ಉಸಿರು ಬಿಗಿಹಿಡಿದು ಕಾಯುತ್ತಿದ್ದಾರೆ. ಅಲಾಸ್ಕದ ಉತ್ತರ ತುದಿಯ ಈ ಊರು ಉಟ್ಕಿಯಾಗ್ವಿಕ್. 2016ರವರೆಗೆ ನಕಾಶೆಯಲ್ಲಿ ಬ್ಯಾರೋ.

ಅವರು ಕಾಯುತ್ತಿರುವುದು ಅಗ್ವಿಕ್‌ಗೆ, ಅಂದರೆ ಬೋಹೆಡ್ ತಿಮಿಂಗಿಲಕ್ಕೆ. ಮೈಯ ಮೂರನೇ ಒಂದು ಪಾಲು ಬರೀ ತಲೆ! ಆ ತಲೆಯಿಂದಲೇ ಮಂಜುಗಡ್ಡೆಯನ್ನು ಕೆಳಗಿನಿಂದ ಗುದ್ದಿ ಒಡೆದು ಉಸಿರೆಳೆಯುವ ಜೀವ.

1977ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಈ ಬೇಟೆಗೆ ನಿಷೇಧ ಹೇರಿತು. ವಿಜ್ಞಾನಿಗಳ ಅಂದಾಜಿನಂತೆ ಉಳಿದಿದ್ದು ಹೆಚ್ಚೆಂದರೆ ಎರಡು ಸಾವಿರ ತಿಮಿಂಗಿಲ, ಕಡಿಮೆಯೆಂದರೆ ಆರುನೂರು. ಬೇಟೆಗಾರರು ದಂಗಾದರು. ತಮ್ಮದೇ ಎಸ್ಕಿಮೊ ತಿಮಿಂಗಿಲ ಬೇಟೆ ಆಯೋಗ ಕಟ್ಟಿ ವಾದಕ್ಕೆ ನಿಂತರು: ನೀವು ಬಿರುಕಿನಲ್ಲಿ ತಲೆಯೆತ್ತಿದ್ದನ್ನಷ್ಟೇ ಎಣಿಸಿದ್ದೀರಿ, ಬಿರುಕು ಮುಚ್ಚಿಕೊಂಡಾಗಲೂ ಅವು ಮಂಜಿನಡಿ ಸಾಗುತ್ತವೆ, ಕಣ್ಣಿಗೆ ನಿಲುಕದಷ್ಟು ದೂರದಲ್ಲೂ ಸಾಗುತ್ತವೆ. ಮದುವೆಮನೆಯ ಹೆಬ್ಬಾಗಿಲಲ್ಲಿ ಕೂತು ತಲೆ ಎಣಿಸಿ, ಹಿತ್ತಿಲಿಂದ ಒಳಬಂದ ನೆಂಟರನ್ನು ಬಿಟ್ಟ ಹಾಗೆ!

1978ಕ್ಕೆ ಸಿಕ್ಕಿದ್ದು ಹನ್ನೆರಡೇ ತಿಮಿಂಗಿಲ ಹಿಡಿಯುವ ಅನುಮತಿ. ಆದರೆ ಹಿರಿಯ ಬೇಟೆ ನಾಯಕ ಹ್ಯಾರಿ ಬ್ರೋವರ್ ಹೇಳಿದ್ದನ್ನು ಪಶುವೈದ್ಯ ಟಾಮ್ ಆಲ್ಬರ್ಟ್ ಕಿವಿಗೊಟ್ಟು ಕೇಳಿದರು. ಕೇಳಿದ್ದಷ್ಟೇ ಅಲ್ಲ, ಪರೀಕ್ಷೆಗೂ ಒಡ್ಡಿದರು. ಸಂಶೋಧಕರು ನೀರಿನೊಳಗೆ ಹೈಡ್ರೋಫೋನ್ ಇಳಿಬಿಟ್ಟು ಕಿವಿಯಾನಿಸಿದರೆ, ಅಬ್ಬಾ, ಏನು ಗದ್ದಲ! ನರಳಿಕೆ, ಗೊರಗೊರ, ಹಾಡು. ಬಿಳಿಯ ಮೌನದ ಕೆಳಗೆ ತಿಮಿಂಗಿಲಗಳ ಮೆರವಣಿಗೆಯೇ ಸಾಗಿತ್ತು. ಒಂದೇ ಕೂಗು ಒಂದೊಂದು ಹೈಡ್ರೋಫೋನಿಗೆ ತಲುಪುವ ಹೊತ್ತಿನ ವ್ಯತ್ಯಾಸ ಅಳೆದು, ಕೂಗಿದ್ದು ಎಲ್ಲಿದೆ ಎಂದು ಗುರುತಿಸಿದರು. 1988ರ ಎಣಿಕೆ ಏಳೂವರೆ ಸಾವಿರದ ಆಸುಪಾಸಿಗೆ ಬಂತು. 2011ರಲ್ಲಿ ಸುಮಾರು 17 ಸಾವಿರ. ಸಂತತಿ ಬೆಳೆದದ್ದೂ ನಿಜ. ಮೊದಲ ಲೆಕ್ಕ ತಪ್ಪಿದ್ದೂ ಅಷ್ಟೇ ನಿಜ.

ಇನ್ನು ಆ ಹೊಗೆಯ ವಿಚಾರ. ತಿಮಿಂಗಿಲಕ್ಕೆ ವಾಸನೆ ಹತ್ತುತ್ತದೆ ಎಂದು ಬೇಟೆಗಾರರು ಮೊದಲಿನಿಂದ ಹೇಳುತ್ತಲೇ ಇದ್ದರು. ತಿಮಿಂಗಿಲಗಳಿಗೆ ಘ್ರಾಣಶಕ್ತಿ ಇಲ್ಲವೆಂದೇ, ಇದ್ದರೂ ಹೆಸರಿಗಷ್ಟೇ ಎಂದೇ, ಪಂಡಿತರು ನಂಬಿದ್ದ ಕಾಲ ಅದು. ಬೇಟೆಯಾದ ಬೋಹೆಡ್‌ನ ತಲೆಬುರುಡೆ ಬಿಡಿಸಿ ನೋಡಿದವರು ವಿಜ್ಞಾನಿಗಳಾದ ಹಾನ್ಸ್ ಥೆವಿಸ್ಸೆನ್ ಮತ್ತು ಕ್ರೇಗ್ ಜಾರ್ಜ್ ಅವರ ತಂಡ. (ಇದೇ ಥೆವಿಸ್ಸೆನ್ ನಮ್ಮ ಸುನಿಲ್ ಬಾಜಪೇಯಿ ಜೊತೆ ಕಛ್‌ನಲ್ಲಿ ಆದಿಕಾಲದ ತಿಮಿಂಗಿಲಗಳ ಪಳೆಯುಳಿಕೆ ಶೋಧಿಸಿದವರು. ಲೋಕ ಎಷ್ಟು ಚಿಕ್ಕದು ನೋಡಿ!) ಮಿದುಳಿನ ಮುಂದೆ ಘ್ರಾಣಗಡ್ಡೆ ಸ್ಪಷ್ಟವಾಗಿಯೇ ಇತ್ತು. ವರದಿ ಪ್ರಕಟವಾದದ್ದು 2011ರಲ್ಲಿ. ಬೇಟೆಗಾರರಿಗೆ ಅದು ಹಳೇ ಸುದ್ದಿ.

ನನ್ನನ್ನು ಮೂಕನನ್ನಾಗಿಸಿದ್ದು ಮಾತ್ರ ಅವುಗಳ ಆಯುಸ್ಸು. ಇಬ್ಬರು ಮನುಷ್ಯರ ಆಯುಸ್ಸನ್ನು ಒಂದು ತಿಮಿಂಗಿಲ ಬದುಕುತ್ತದೆ ಎನ್ನುತ್ತಿದ್ದರು ಅಲ್ಲಿನ ಹಿರಿಯರು. ಹಾಗಿದ್ದರೆ ಹಿಡಿದ ತಿಮಿಂಗಿಲಗಳ ಕೊಬ್ಬಿನಲ್ಲಿ ಸಿಗತೊಡಗಿದ್ದ ಕಲ್ಲಿನ ಈಟಿಮೊನೆಗಳು ಯಾವ ಕಾಲದವು? ವಯಸ್ಸಿನ ಸುಳಿವು ತಿಮಿಂಗಿಲದ ಕಣ್ಣಿನಲ್ಲೇ ಇತ್ತು: ಮಸೂರದ ಪ್ರೋಟೀನಿನಲ್ಲಿ ಆಸ್ಪಾರ್ಟಿಕ್ ಆಮ್ಲ ವರ್ಷಗಳುರುಳಿದಂತೆ ನಿಧಾನವಾಗಿ ರೂಪ ಬದಲಿಸುತ್ತದೆ. ಅದನ್ನೇ ಗಡಿಯಾರ ಮಾಡಿಕೊಂಡು ಜಾರ್ಜ್ ಮತ್ತು ಜೊತೆಗಾರರು 1999ರಲ್ಲಿ ಲೆಕ್ಕ ಹಾಕಿದಾಗ, ಒಂದು ಗಂಡಿನ ಅಂದಾಜು ವಯಸ್ಸು 211 ಎಂದು ಬಂತು! ಬೇಟೆಗಾರರು ತಾವು ಹಿಡಿದ ಪ್ರಾಣಿಯ ಕಣ್ಣು ಕೊಡದಿದ್ದರೆ ಈ ಲೆಕ್ಕವೂ ಇಲ್ಲ.

ಎಣ್ಣೆಗಾಗಿ ಈ ಸಂತತಿಯನ್ನೇ ಕೊಂದು ಬರಿದು ಮಾಡಿದ ಅಮೆರಿಕದ ವ್ಯಾಪಾರಿ ಹಡಗುಗಳಲ್ಲಿ ಮೊದಲನೆಯದು ಬೇರಿಂಗ್ ಜಲಸಂಧಿ ದಾಟಿದ್ದು 1848ರಲ್ಲಿ. ಆ ಬೇಸಿಗೆಯಲ್ಲಿ ಹುಟ್ಟಿದ ಮರಿಗೆ ಇನ್ನೂ ಇನ್ನೂರು ತುಂಬಿಲ್ಲ.