ಮಾವನ ಜಾವಾಗೆ ಸೊಸೆಯ ಕಿಕ್ಕು

ನಿಮ್ಮನೆ ಮೆಟ್ಟಿಲ ಕೆಳಗೋ, ಕಾರ್ ಶೆಡ್ಡಿನ ಮೂಲೆಯಲ್ಲೋ ಹಳೇ ಬೈಕೊಂದು ಗೋಣಿಚೀಲ ಹೊದ್ದು ನಿಂತಿದೆಯಾ? ಮೈಸೂರಿನವರಾದರೆ ಅದು ಬಹುಶಃ ಜಾವಾ ಅಥವಾ ಯೆಜ್ಡಿಯೇ ಆಗಿರುತ್ತೆ. ಅದರ ಮೇಲೆ ಒಗೆದ ಕಾಲೊರಸು ಒಣಹಾಕುತ್ತೀರಿ, ಈರುಳ್ಳಿ ಬುಟ್ಟಿ ಇಡುತ್ತೀರಿ, ಹಬ್ಬದ ಮುನ್ನಾದಿನ ‘ಇದನ್ನ ಮೊದಲು ಸಾಗಹಾಕ್ರೀ’ ಅಂತ ಯಜಮಾನರ ಮೇಲೆ ರೇಗುತ್ತೀರಿ. ನಾನೂ ಹಾಗೇ ಇದ್ದೆ.

ವಿಜಯನಗರ ಮೂರನೇ ಹಂತದ ನಮ್ಮ ಮನೆಯಲ್ಲಿ ನಿಂತಿದ್ದು ಮಾವನವರ 1969ರ ಜಾವಾ. ಮಾವ ತೀರಿಕೊಂಡ ಮೇಲೆ ಅದನ್ನು ಮುಟ್ಟಿದವರಿಲ್ಲ. ನಮ್ಮೆಜಮಾನ್ರಿಗೆ ಬೆನ್ನುನೋವು. ಮಗನಿಗೆ ಬಟನ್ ಒತ್ತಿದರೆ ಸ್ಟಾರ್ಟ್ ಆಗುವ ಗಾಡಿಯೇ ಬೇಕು. ಒಂದು ದಿನ ಗುಜರಿಯವನನ್ನು ಕರೆಸಿಯೂ ಆಯ್ತು. ಅವನು ಕೆ.ಜಿ. ಲೆಕ್ಕದಲ್ಲಿ ಬೆಲೆ ಹೇಳುತ್ತಿದ್ದಾಗ ಒಳಗಿಂದ ಅತ್ತೆ ಬಂದು, ಏನೂ ಮಾತಾಡದೆ, ಸೀಟಿನ ಮೇಲೆ ಕೈಯಿಟ್ಟು ನಿಂತುಬಿಟ್ಟರು. ‘ಮಾರೋದಾದ್ರೆ ನಾನು ಹೋದ್ಮೇಲೆ ಮಾರ್ಕೊಳ್ಳಿ’ ಅಂದರು. ಓಡಿಸುವವರಿಲ್ಲದ ಗಾಡಿ, ಮಾರಕ್ಕೂ ಬಿಡದ ಅತ್ತೆ. ಮಧ್ಯೆ ಸಿಕ್ಕಿಕೊಂಡವಳು ನಾನು! ‘ಸರಿ, ನಾನೇ ಕಲೀತೀನಿ ಬಿಡಿ’ ಅಂದೆ. ಕೋಪದಲ್ಲಿ ಅಂದದ್ದು. ಆಗ ನನಗೆ ನಲವತ್ನಾಲ್ಕು ವರ್ಷ, ಗೇರಿಲ್ಲದ ಸ್ಕೂಟರ್ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ.

ನಿಮಗೂ ಅಂಥ ಕೋಪ ಬಂದಿದ್ದರೆ ಮುಂದೆ ಓದಿ.

ಯಾದವಗಿರಿಯಲ್ಲಿ ಹುಟ್ಟಿದ್ದು

ಓಡಿಸುವ ಮುಂಚೆ ಗಾಡಿಯ ಕಥೆ ಸ್ವಲ್ಪ ತಿಳಿದುಕೊಂಡರೆ ಅದರ ಮೇಲೆ ಪ್ರೀತಿ ಹುಟ್ಟುತ್ತೆ. ಜಾವಾ ಅನ್ನೋದು ದ್ವೀಪದ ಹೆಸರಲ್ಲ ಕಣ್ರೀ. 1929ರಲ್ಲಿ ಪ್ರಾಗ್ ನಗರದಲ್ಲಿ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯ ಬೈಕ್ ವಿನ್ಯಾಸ ಕೊಂಡುಕೊಂಡ. ಎರಡೂ ಹೆಸರಿನ ಮೊದಲ ಅಕ್ಷರಗಳು ಸೇರಿ ‘ಜಾವಾ’ ಆಯ್ತು. ಅಲ್ಲಿಂದ ಅದನ್ನು ನಮ್ಮೂರಿಗೆ ತಂದವರು ಇರಾನಿ ಕುಟುಂಬದವರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯ್ತು, ಜಯಚಾಮರಾಜ ಒಡೆಯರ್ ಅದಕ್ಕೆ ಚಾಲನೆ ಕೊಟ್ಟರು. 1973ರಿಂದ ಹೆಸರು ಯೆಜ್ಡಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ರೂಪದಲ್ಲಿ ಮತ್ತೆ ಬಂದವು. ಆದರೆ ಅವು ಫೋರ್ ಸ್ಟ್ರೋಕ್ ಎಂಜಿನ್ನಿನವು. ಹಳೆಯದರ ‘ಡುಗ್‌ಡುಗ್’ ಸದ್ದು ಬೇಕೆಂದರೆ ಹಳೆಯದೇ ಬೇಕು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಅಂತ ಇದರ ಅಭಿಮಾನಿಗಳು ಗಾಡಿ ತೊಳೆದು ಸಾಲಾಗಿ ಹೊರಡುತ್ತಾರೆ, ಒಮ್ಮೆ ನೋಡಿ ಬನ್ನಿ. ಅಲ್ಲಿ ಸಿಗುವ ಸ್ಪೇರ್ ಪಾರ್ಟ್ಸ್ ಮಾಹಿತಿ ಯಾವ ಅಂಗಡಿಯಲ್ಲೂ ಸಿಗಲ್ಲ.

ಮೊದಲು ಕಾಗದ, ಆಮೇಲೆ ಕಿಕ್ಕು

ಇದು ಬೋರು ಹೊಡೆಸುವ ವಿಷಯ, ಬೇಗ ಮುಗಿಸ್ತೀನಿ. ಆದರೆ ಬಿಡಬೇಡಿ. ನಿಮ್ಮ ಲೈಸೆನ್ಸ್ ಗೇರಿಲ್ಲದ ಸ್ಕೂಟರಿಗೆ ಮಾತ್ರ ಇದ್ದರೆ ಜಾವಾ ಓಡಿಸುವ ಹಾಗಿಲ್ಲ. ಗೇರ್ ಇರುವ ಬೈಕಿಗೆ ಬೇರೆಯಾಗಿ ಕಲಿಕಾ ಲೈಸೆನ್ಸ್ ತೆಗೆದುಕೊಳ್ಳಬೇಕು. ಅದು ಆರು ತಿಂಗಳು ನಡೆಯುತ್ತೆ, ತಿಂಗಳ ನಂತರ ಪರೀಕ್ಷೆಗೆ ಹೋಗಬಹುದು. ಗಾಡಿಯ ಆರ್‌ಸಿ ತೀರಿಕೊಂಡವರ ಹೆಸರಿನಲ್ಲಿದ್ದರೆ ವಾರಸುದಾರರು ಫಾರಂ 31 ಕೊಟ್ಟು ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು. ಇದಕ್ಕೆ ಮೂರು ತಿಂಗಳ ಗಡುವಿದೆ, ನಮ್ಮಂತೆ ವರ್ಷಗಟ್ಟಲೆ ಬಿಟ್ಟು ಆಮೇಲೆ ಅಲೆದಾಡಬೇಡಿ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಣ ಆಗಬೇಕು. ವಿಮೆಯೂ ಇರಬೇಕು.

ಐವತ್ತು ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ‘ವಿಂಟೇಜ್’ ನೋಂದಣಿ ಅಂತ ಮಾಡಿದೆ. ಕೇಳಲು ಚೆಂದ. ಆದರೆ ಆ ನೋಂದಣಿ ಮಾಡಿಸಿದರೆ ಪ್ರದರ್ಶನ, ರ‍್ಯಾಲಿ, ರಿಪೇರಿಗೆ ಬಿಟ್ಟು ದಿನನಿತ್ಯ ಓಡಿಸುವಂತಿಲ್ಲ. ತರಕಾರಿ ತರಕ್ಕೂ ಅದೇ ಗಾಡಿ ಬೇಕು ಅನ್ನುವವರು ಮಾಮೂಲಿ ನವೀಕರಣವನ್ನೇ ಮಾಡಿಸಿಕೊಳ್ಳಿ.

ಭಾರದ ಭಯ

ಹೆಂಗಸರನ್ನು ಹೆದರಿಸುವುದು ವೇಗ ಅಲ್ಲ, ಭಾರ. ಹಳೇ ಜಾವಾ ಸುಮಾರು 130–140 ಕೆ.ಜಿ. ತೂಗುತ್ತೆ. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು ಮೂವತ್ತು ಕೆ.ಜಿ. ಅಂದುಕೊಂಡರೆ ನಾಲ್ಕು ಸಿಲಿಂಡರಿಗಿಂತ ಹೆಚ್ಚು! ಆದರೆ ಸಿಲಿಂಡರನ್ನು ನಾವೇನು ಎತ್ತಿಕೊಂಡು ಹೋಗುತ್ತೀವಾ? ಓರೆ ಮಾಡಿ ಉರುಳಿಸುತ್ತೀವಿ. ಬೈಕಿಗೂ ಅದೇ ಬುದ್ಧಿ. ಮಧ್ಯದ ಸ್ಟ್ಯಾಂಡ್ ಹಾಕುವಾಗ ಕೈಯಿಂದ ಎಳೆಯಬೇಡಿ, ಸ್ಟ್ಯಾಂಡಿನ ಮೇಲೆ ಬಲಗಾಲಿಟ್ಟು ಮೈಭಾರ ಪೂರ್ತಿ ಅದರ ಮೇಲೆ ಬಿಡಿ. ಗಾಡಿ ತಾನೇ ಹಿಂದಕ್ಕೆ ಏರಿ ಕೂರುತ್ತೆ. ಬಿದ್ದ ಗಾಡಿ ಎತ್ತುವಾಗ ಎಂಜಿನ್ ಆಫ್ ಮಾಡಿ, ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈ ಹ್ಯಾಂಡಲ್ಲಿಗೆ, ಇನ್ನೊಂದು ಸೀಟಿನ ಕೆಳಗಿನ ಗಟ್ಟಿ ಭಾಗಕ್ಕೆ ಹಾಕಿ, ಕಾಲಿನ ಬಲದಿಂದ ಹಿಂದಹಿಂದಕ್ಕೆ ಹೆಜ್ಜೆಯಿಡುತ್ತಾ ಏಳಿ. ಸೊಂಟ ಬಗ್ಗಿಸಿ ಎತ್ತಲು ಹೋದರೆ ಮಾರನೇ ದಿನ ಚಪಾತಿ ಲಟ್ಟಿಸಕ್ಕೂ ಆಗಲ್ಲ. ಈ ಎರಡನ್ನು ಎಂಜಿನ್ ಶುರು ಮಾಡುವ ಮೊದಲೇ, ಮನೆ ಅಂಗಳದಲ್ಲಿ, ಯಾರಾದರೂ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ವಾರ ಪೂರ್ತಿ ಅಭ್ಯಾಸ ಮಾಡಿ.

ಕಿಕ್ಕರ್ರೇ ಗೇರು!

ಹಳೇ ಜಾವಾದಲ್ಲಿ ಒಂದು ತಮಾಷೆಯಿದೆ. ಎಡಗಡೆ ಇರುವ ಒಂದೇ ಲಿವರ್ ಕಿಕ್ಕರ್ ಕೂಡ ಹೌದು, ಗೇರ್ ಕೂಡ ಹೌದು. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಗಾಡಿ ಸ್ಟಾರ್ಟ್ ಆದಮೇಲೆ ಮತ್ತೆ ಅದರ ಜಾಗಕ್ಕೆ ತಂದರೆ ಗೇರ್. ಮೊದಲ ದಿನ ನಾನು ಎಂಟು ಸಲ ಒದ್ದೆ. ಒಂಬತ್ತನೇ ಸಲಕ್ಕೆ ಸ್ಟಾರ್ಟ್ ಆದಾಗ ಖುಷಿಗೆ ಲಿವರ್ ಹಿಂದಕ್ಕೆ ತರುವುದನ್ನೇ ಮರೆತು ಗೇರ್ ಹುಡುಕುತ್ತಾ ಕೂತಿದ್ದೆ. ಎದುರು ಮನೆಯ ಅಜ್ಜಿ ಕಾಂಪೌಂಡಿನ ಮೇಲಿಂದ ನೋಡಿ ನಕ್ಕಿದ್ದೇ ನಕ್ಕಿದ್ದು. ಇನ್ನೊಂದು ವಿಶೇಷ: ಗೇರ್ ಲಿವರ್ ಒತ್ತಿದಾಗ ಕ್ಲಚ್ ತಾನೇ ಬಿಡುವ ಏರ್ಪಾಡು ಇದರಲ್ಲಿದೆ. ಆದರೂ ಕೈಯ ಕ್ಲಚ್ ಹಿಡಿಯುವ ಅಭ್ಯಾಸವೇ ಮಾಡಿಕೊಳ್ಳಿ. ಹಳೇ ಗಾಡಿಯ ಏರ್ಪಾಡುಗಳು ಯಾವತ್ತು ಕೈಕೊಡುತ್ತವೋ ಹೇಳಕ್ಕಾಗಲ್ಲ.

ಮರೆಯಬಾರದ್ದು ಆಯಿಲ್. ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನ ಜೊತೆಗೇ ಆಯಿಲ್ ಬೆರೆಸಬೇಕು. ಲೀಟರಿಗೆ 30ರಿಂದ 40 ಮಿ.ಲೀ. ಸಾಮಾನ್ಯ ಅಳತೆ, ನಿಮ್ಮ ಗಾಡಿಗೆ ಎಷ್ಟು ಅಂತ ಮೆಕ್ಯಾನಿಕ್ ಹತ್ತಿರ ಕೇಳಿಟ್ಟುಕೊಳ್ಳಿ. ನಾನು ಹಳೇ ಕೆಮ್ಮಿನ ಔಷಧಿಯ ಅಳತೆ ಮುಚ್ಚಳವನ್ನೇ ಇದಕ್ಕೆ ಇಟ್ಟುಕೊಂಡಿದ್ದೀನಿ. ಒಗ್ಗರಣೆಗೆ ಎಣ್ಣೆ ಮರೆತರೆ ಸಾಸಿವೆ ಸೀಯುತ್ತೆ ಅಷ್ಟೇ, ಇಲ್ಲಿ ಪಿಸ್ಟನ್ನೇ ಕಚ್ಚಿಕೊಳ್ಳುತ್ತೆ. ಚಾಮುಂಡಿ ಬೆಟ್ಟದಿಂದ ಇಳಿಯುವಾಗಲೂ ಇದೇ ಅಪಾಯ. ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಉದ್ದಕ್ಕೂ ಇಳಿದರೆ ಎಂಜಿನ್ ಸುತ್ತುತ್ತಿರುತ್ತೆ, ಆಯಿಲ್ ಮಾತ್ರ ಹೋಗುತ್ತಿರಲ್ಲ. ಹಾಗಾಗಿ ನಡುನಡುವೆ ಕ್ಲಚ್ ಹಿಡಿದು ಒಂಚೂರು ಆಕ್ಸಿಲರೇಟರ್ ಕೊಡ್ತಾ ಬನ್ನಿ.

ನಿಧಾನವೇ ಆಟ

‘ಕಲಿತು ಎಲ್ಲಿಗ್ರೀ ಹೋಗ್ತೀರಾ?’ ಅಂತ ಎಲ್ಲರೂ ಕೇಳಿದರು. ಎಲ್ಲಿಗೂ ಇಲ್ಲ! ಬೈಕಿನಲ್ಲಿ ಟ್ರಯಲ್ಸ್ ಅಂತ ಒಂದು ಆಟವಿದೆ. ಅದರಲ್ಲಿ ಯಾರು ವೇಗವಾಗಿ ಹೋದರು ಅನ್ನೋದು ಲೆಕ್ಕಕ್ಕಿಲ್ಲ. ಬಂಡೆ, ಕೆಸರು, ತಿರುವು ಇರುವ ಕಿರಿದಾದ ದಾರಿಯನ್ನು ಕಾಲು ನೆಲಕ್ಕೆ ತಾಗಿಸದೆ ದಾಟಬೇಕು. ಒಮ್ಮೆ ತಾಗಿದರೆ ಒಂದು ಅಂಕ, ಎರಡು ಸಲಕ್ಕೆ ಎರಡು, ಆಮೇಲೆ ಎಷ್ಟು ಸಲ ತಾಗಿದರೂ ಮೂರು, ಬಿದ್ದರೆ ಐದು. ಕಡಿಮೆ ಅಂಕ ಬಂದವರೇ ಗೆದ್ದಂತೆ. ಸ್ಪೇನಿನ ಲಾಯಾ ಸಾನ್ಸ್ ಎಂಬ ಹೆಣ್ಣುಮಗಳು ಇದರಲ್ಲಿ ಹದಿಮೂರು ಸಲ ಮಹಿಳಾ ವಿಶ್ವ ಚಾಂಪಿಯನ್ ಆಗಿದ್ದಾಳೆ. ನಮ್ಮ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಕಚ್ಚಾದಾರಿಯ ರ‍್ಯಾಲಿಯಲ್ಲಿ, 2019ರಲ್ಲಿ, ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದವರು.

ನಾವು ಬಂಡೆ ಹತ್ತುವುದು ಬೇಡ. ಆದರೆ ಆ ಆಟದ ಮೊದಲ ಪಾಠ ನಮಗೆ ಬೇಕಾದದ್ದೇ. ಭಾನುವಾರ ಬೆಳಿಗ್ಗೆ ಆರು ಗಂಟೆಗೆ ನಾಲ್ಕನೇ ಹಂತದ ಕಡೆ ಖಾಲಿ ಸೈಟುಗಳ ನಡುವಿನ ರಸ್ತೆ ಹುಡುಕಿಕೊಳ್ಳಿ. ರಿಂಗ್ ರೋಡ್ ಸದ್ಯಕ್ಕೆ ಬೇಡವೇ ಬೇಡ. ಮರಳು ತುಂಬಿದ ಆರು ನೀರಿನ ಬಾಟಲಿಗಳನ್ನು ನಾಲ್ಕು ದೊಡ್ಡ ಹೆಜ್ಜೆಗೊಂದರಂತೆ ಸಾಲಾಗಿಡಿ. ಮೊದಲನೇ ಗೇರಿನಲ್ಲಿ, ಕ್ಲಚ್ ಅರ್ಧ ಬಿಟ್ಟು, ಹಿಂದಿನ ಬ್ರೇಕಿನ ಮೇಲೆ ಹಗುರವಾಗಿ ಕಾಲಿಟ್ಟು, ಬಾಟಲಿಗಳ ನಡುವೆ ಹಾವಿನಂತೆ ಹಾಯಿರಿ. ಕಣ್ಣು ಮುಂದಿನ ಚಕ್ರದ ಮೇಲಿದ್ದರೆ ಬೀಳ್ತೀರಿ. ಹೋಗಬೇಕಾದ ಕಡೆ ಕಣ್ಣಿಟ್ಟರೆ ಗಾಡಿ ಅಲ್ಲಿಗೇ ಹೋಗುತ್ತೆ. ಇದು ನನಗೆ ಅರ್ಥವಾಗಲು ಮೂರು ಭಾನುವಾರ, ಒಂದು ಮೊಣಕಾಲು ಬೇಕಾಯ್ತು. ಬಾಟಲಿ ಬಂದಮೇಲೆ ಎಂಟರ ಆಕಾರ ಹಾಕಿ. ಲೈಸೆನ್ಸ್ ಪರೀಕ್ಷೆಯಲ್ಲೂ ಇದನ್ನೇ ಕೇಳ್ತಾರೆ, ಒಂದೇ ಕಲ್ಲಿಗೆ ಎರಡು ಹಕ್ಕಿ!

ಸೀರೆ, ಉದ್ದ ದುಪಟ್ಟಾ ಎರಡೂ ಬೇಡ. ಜೀನ್ಸ್ ಅಥವಾ ಬಿಗಿ ಪ್ಯಾಂಟು, ಪಾದದ ಗಂಟು ಮುಚ್ಚುವ ಶೂ, ಐಎಸ್‌ಐ ಗುರುತಿನ ಹೆಲ್ಮೆಟ್. ಈ ಗಾಡಿಗೆ ಎರಡೂ ಬದಿಗೆ ಸೈಲೆನ್ಸರ್ ಇರುವುದರಿಂದ ಯಾವ ಕಡೆ ಇಳಿದರೂ ಸುಡುವ ಅವಕಾಶವಿದೆ! ಸುಟ್ಟರೆ ಟೂತ್‌ಪೇಸ್ಟ್ ಬಳಿಯಬೇಡಿ, ಇಪ್ಪತ್ತು ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಿರಿ. ಬೊಬ್ಬೆ ಎದ್ದರೆ ಡಾಕ್ಟರಿಗೆ ತೋರಿಸಿ.

ಏನು ಬದಲಿಸಬೇಕು, ಏನು ಬಿಡಬೇಕು

ಓಡಿಸಲು ಬಂದಮೇಲೆ ಅಲಂಕಾರದ ಆಸೆ ಶುರುವಾಗುತ್ತೆ. ಮೊದಲು ಪೇಂಟ್ ಮಾಡಿಸಬೇಡಿ. ನಾನು ಮಾಡಿದ ತಪ್ಪು ಅದೇ. ಫಳಫಳ ಹೊಳೆಯುವ ಗಾಡಿ, ಬ್ರೇಕ್ ಹಿಡಿದರೆ ಮಾತ್ರ ನಿಲ್ಲುತ್ತಿರಲಿಲ್ಲ. ಟೈರು, ಬ್ರೇಕ್ ಶೂ, ಕೇಬಲ್ಲುಗಳು ಮೊದಲು. ಆಮೇಲೆ ಪೆಟ್ರೋಲ್ ಪೈಪು ಮತ್ತು ರಬ್ಬರ್ ಸಾಮಾನು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಹಳೇ ರಬ್ಬರ್ ಬೇಗ ಹಾಳಾಗುತ್ತೆ, ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ಬಿಟ್ಟರೆ ತೇವ ಹೀರಿ ತುಕ್ಕು ಹಿಡಿಸುತ್ತೆ.

ಇನ್ನು ಲೈಟು. ಹಳೇ ಜಾವಾದ 6 ವೋಲ್ಟ್ ಹೆಡ್‌ಲೈಟ್ ದೇವರ ಮನೆಯ ನಂದಾದೀಪಕ್ಕಿಂತ ಸ್ವಲ್ಪ ವಾಸಿ. ಅದನ್ನು 12 ವೋಲ್ಟಿಗೆ ಏರಿಸಬಹುದು, ಪ್ಲಾಟಿನಂ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದರೆ ಕಿಕ್ ಹೊಡೆಯುವ ಶ್ರಮವೂ ಇಳಿಯುತ್ತೆ. ಆದರೆ ಬ್ಯಾಟರಿ ಒಂದನ್ನೇ ಬದಲಿಸಿದರೆ ಬಲ್ಬುಗಳೆಲ್ಲ ಸುಟ್ಟುಹೋಗುತ್ತವೆ. ಚಾರ್ಜಿಂಗ್ ಕಾಯಿಲ್, ರೆಗ್ಯುಲೇಟರ್, ಬಲ್ಬು, ಹಾರನ್ ಎಲ್ಲವೂ ಒಟ್ಟಿಗೇ ಬದಲಾಗಬೇಕು. ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿ ನಮೂದಾಗಬೇಕು. ಜೋರು ಸದ್ದಿನ ಸೈಲೆನ್ಸರ್ ಹಾಕಿಸಿದರೆ ದಂಡ, ಪಕ್ಕದ ಮನೆಯವರ ಶಾಪ ಎರಡೂ ಖಾತ್ರಿ.

ಮೆಕ್ಯಾನಿಕ್ ವಿಷಯ ಹೇಳಲೇಬೇಕು. ನಾನು ಮೊದಲು ಹೋದ ಗ್ಯಾರೇಜಿನಾತ ನನ್ನ ಮುಖ ನೋಡದೆ ‘ಯಜಮಾನ್ರನ್ನ ಕಳ್ಸಿ ಮೇಡಂ’ ಅಂದ. ಕಳಿಸಿದೆ. ಅವರಿಗೆ ಗಾಡಿ ಬಗ್ಗೆ ಏನೂ ಗೊತ್ತಿಲ್ಲವಲ್ಲ, ಒಂದು ಬಿಲ್ಲು ಹಿಡಿದುಕೊಂಡು ಬಂದರು, ಬದಲಾಗದ ಕೇಬಲ್ಲಿಗೂ ದುಡ್ಡು ಕೊಟ್ಟು! ಅಂದಿನಿಂದ ನಾನೇ ಹೋಗ್ತೀನಿ. ಮಾಡಬೇಕಾದ ಕೆಲಸವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ, ಬದಲಿಸಿದ ಹಳೇ ಸಾಮಾನನ್ನು ವಾಪಸ್ ಕೇಳಿ, ಡಬ್ಬದಲ್ಲಿಟ್ಟು ಹೆಸರು ಬರೆದಿಡಿ. ಸಾಂಬಾರ ಪುಡಿ ಡಬ್ಬಗಳಿಗೆ ಚೀಟಿ ಅಂಟಿಸುವ ನಮಗೆ ಇದೇನು ಕಷ್ಟ? ಹಳೇ ಭಾಗವನ್ನು ಎಸೆಯಬೇಡಿ, ಅಸಲಿ ಸಾಮಾನು ಮುಂದೆ ಸಿಗುವುದು ಕಷ್ಟ.

ಅತ್ತೆ ಮೊದಮೊದಲು ನಾನು ಗಾಡಿ ತೆಗೆದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮಾವ ಯಾರಿಗೂ ಮುಟ್ಟಕ್ಕೆ ಬಿಟ್ಟಿರಲಿಲ್ಲವಂತೆ. ನಾನು ಬಿದ್ದು ಮೊಣಕಾಲು ತರಚಿಕೊಂಡು ಬಂದ ದಿನ ಡೆಟಾಲ್ ತಂದರು, ಬೈಯ್ದರು, ಆಮೇಲೆ ಟ್ರಂಕಿನಿಂದ ಒಂದು ನೋಟ್‌ಬುಕ್ ತೆಗೆದುಕೊಟ್ಟರು. ಮಾವನ ಕೈಬರಹ. ಯಾವ ತಾರೀಕು ಎಷ್ಟು ಪೆಟ್ರೋಲು, ಎಷ್ಟು ಆಯಿಲು, ಎಷ್ಟು ಮೈಲಿ, ಎಲ್ಲಾ ಸಾಲಾಗಿ. ನೀವೂ ಹೀಗೊಂದು ಲೆಕ್ಕ ಇಡಿ, ಮೈಲೇಜ್ ಇಳಿದರೆ ಎಂಜಿನ್ನಿನ ಕಾಯಿಲೆ ಮೊದಲು ಗೊತ್ತಾಗುವುದು ಅಲ್ಲೇ. ಅದರ ಕೊನೆಯ ಸಾಲು, ‘ಹಿಂದಿನ ಬ್ರೇಕ್ ಶೂ ಬದಲಿಸಬೇಕು.’ ಅದರ ಕೆಳಗೆ ನಾನು ಬರೆದೆ: ‘ಬದಲಿಸಿದೆ. ಮುಂದಿನದು ಇನ್ನೂ ಸ್ವಲ್ಪ ಕಿರುಗುಟ್ಟುತ್ತೆ.’